ಮಾನಿಟರ್ ಮುಂದೆ ಕುಳಿತ ನಿರ್ದೇಶಕ

ತುರ್ಕಿಯ ಒಂದು ಊರಿನ ಬೀದಿ. ಹೋಟೆಲೊಂದರಲ್ಲಿ ಕೆಲಸ ಮಾಡುವ ಹೆಂಗಸು ಹೊರಗೆ ಬರುತ್ತಾಳೆ. ಅವಳಿಗಾಗಿ ಕಾದಿದ್ದ ಗಂಡಸು ದೇಶ ದಾಟಲು ಒಂದು ಪಾಸ್‌ಪೋರ್ಟ್ ತಂದಿದ್ದಾನೆ. ಸಿಕ್ಕಿರುವುದು ಅವಳಿಗೆ ಮಾತ್ರ. ನೀನಿಲ್ಲದೆ ನಾನು ಹೋಗುವುದಿಲ್ಲ ಎಂದು ಅವಳು ಹಟ ಹಿಡಿಯುತ್ತಾಳೆ. ನಾವು ಅವಳ ಸಂಕಟದಲ್ಲಿ ಮುಳುಗುತ್ತಿರುವಾಗಲೇ ಸಹಾಯಕ ನಿರ್ದೇಶಕನೊಬ್ಬ ಅಡ್ಡ ಬಂದು, ನೇರ ನಮ್ಮತ್ತ ನೋಡಿ, ಶಾಟ್ ಹೇಗಿತ್ತು ಎಂದು ವಿಚಾರಿಸುತ್ತಾನೆ. ಆಗ ತಿಳಿಯುತ್ತದೆ, ನಾವು ನೋಡುತ್ತಿದ್ದುದು ಬೀದಿಯನ್ನಲ್ಲ, ಒಂದು ಲ್ಯಾಪ್‌ಟಾಪಿನ ಪರದೆಯನ್ನು. ಅದರ ಮುಂದೆ ಕುಳಿತಿರುವವರು ಇರಾನಿನ ನಿರ್ದೇಶಕ ಜಾಫರ್ ಪನಾಹಿ. ಅವರಿರುವುದು ಗಡಿಯ ಈಚೆ, ಇರಾನಿನ ಒಂದು ಹಳ್ಳಿಯ ಬಾಡಿಗೆ ಕೋಣೆಯಲ್ಲಿ. ಅಷ್ಟರಲ್ಲಿ ನೆಟ್‌ವರ್ಕ್ ಹೋಗುತ್ತದೆ. ನಿರ್ದೇಶಕರು ಸಿಗ್ನಲ್ ಹುಡುಕಿಕೊಂಡು ಮಾಳಿಗೆ ಹತ್ತುತ್ತಾರೆ.

2022ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ವಿಶೇಷ ತೀರ್ಪುಗಾರರ ಪ್ರಶಸ್ತಿ ಪಡೆದ ‘ನೋ ಬೇರ್ಸ್’ ಶುರುವಾಗುವುದು ಹೀಗೆ. ಈ ಚಿತ್ರದ ರಾಜಕೀಯದ ಬಗ್ಗೆ ಬಹಳಷ್ಟು ಚರ್ಚೆ ನಡೆದಿದೆ, ನಡೆಯಬೇಕಾದ್ದೇ. ಪನಾಹಿಗೆ 2010ರಲ್ಲಿ ಆರು ವರ್ಷಗಳ ಜೈಲು ಮತ್ತು ಇಪ್ಪತ್ತು ವರ್ಷಗಳ ಚಿತ್ರನಿರ್ಮಾಣ ನಿಷೇಧದ ಶಿಕ್ಷೆ ವಿಧಿಸಲಾಗಿತ್ತು. ವೆನಿಸ್‌ನಲ್ಲಿ ಚಿತ್ರ ತೆರೆ ಕಂಡಾಗ ಅವರು ಸೆರೆಮನೆಯಲ್ಲಿದ್ದರು. ಆದರೆ ಇಲ್ಲಿ ನಾವು ನೋಡಹೊರಟಿರುವುದು ಅದಕ್ಕಿಂತ ಸಣ್ಣದಾಗಿ ಕಾಣುವ ಒಂದು ಸಂಗತಿಯನ್ನು. ಚಿತ್ರೀಕರಣದ ಹೊತ್ತಿನಲ್ಲಿ ನಿರ್ದೇಶಕ ಕ್ಯಾಮೆರಾದ ಬಳಿ ನಿಲ್ಲದೆ, ಶಾಟನ್ನು ದೊಡ್ಡ ಪರದೆಯಲ್ಲಿ ನೋಡುತ್ತಾ ಕೂರುವ ಪದ್ಧತಿ ನಮ್ಮ ನೋಟಕ್ಕೆ ಏನು ಮಾಡಿತು ಎಂಬ ಪ್ರಶ್ನೆ ಅದು. ಈ ಪ್ರಶ್ನೆಯನ್ನು ‘ನೋ ಬೇರ್ಸ್’ನಷ್ಟು ನಿಷ್ಠುರವಾಗಿ ಕೇಳಿದ ಇನ್ನೊಂದು ಚಿತ್ರ ನಮಗೆ ನೆನಪಾಗುವುದಿಲ್ಲ.

ಫಿಲಂ ರೀಲಿನ ಕಾಲದಲ್ಲಿ ಶಾಟ್ ಹೇಗೆ ಬಂದಿದೆ ಎಂಬುದು ಆ ಕ್ಷಣದಲ್ಲಿ ಗೊತ್ತಿರುತ್ತಿದ್ದುದು ಒಬ್ಬನಿಗೆ ಮಾತ್ರ, ವ್ಯೂಫೈಂಡರಿಗೆ ಕಣ್ಣಿಟ್ಟವನಿಗೆ. ಉಳಿದವರು ಲ್ಯಾಬಿನಿಂದ ರಶಸ್ ಬರುವ ತನಕ ಕಾಯಬೇಕು. ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರು 1959ರ ‘ಕಾಗಜ್ ಕೇ ಫೂಲ್’ನಲ್ಲಿ ಸ್ಟುಡಿಯೋದ ಕತ್ತಲೆಯೊಳಕ್ಕೆ ಕನ್ನಡಿಗಳಿಂದ ಬಿಸಿಲಿನ ಕೋಲನ್ನು ಇಳಿಸಿದಾಗ, ಅದು ಪರದೆಯ ಮೇಲೆ ಹೇಗೆ ಕಾಣುತ್ತದೆಂದು ಯಾರೂ ಅಲ್ಲೇ ನೋಡಿ ತಲೆಯಾಡಿಸುವಂತಿರಲಿಲ್ಲ. ಗುರುದತ್ ನೆಚ್ಚಿಕೊಳ್ಳಬೇಕಿದ್ದುದು ಮೂರ್ತಿಯವರ ಕಣ್ಣನ್ನು. ಹಾಗೆ ನೆಚ್ಚಿಕೊಳ್ಳಲು ಒಲ್ಲದ ನಿರ್ದೇಶಕನಿಗಿದ್ದುದು ಒಂದೇ ದಾರಿ: ತಾನೇ ಕ್ಯಾಮೆರಾ ಹಿಡಿಯುವುದು. ಸತ್ಯಜಿತ್ ರಾಯ್ 1964ರ ‘ಚಾರುಲತಾ’ದ ಹೊತ್ತಿಗೆ ಆ ದಾರಿ ಹಿಡಿದಿದ್ದರು.

ಮೂರನೆಯ ದಾರಿಯನ್ನು ಹೆಸರುವಾಸಿ ಮಾಡಿದವರು ಹಾಲಿವುಡ್ಡಿನ ಹಾಸ್ಯನಟ ಜೆರ್ರಿ ಲೂಯಿಸ್. 1960ರ ‘ದಿ ಬೆಲ್‌ಬಾಯ್’ ಚಿತ್ರಕ್ಕೆ ಅವರೇ ನಟ, ಅವರೇ ನಿರ್ದೇಶಕ. ಕ್ಯಾಮೆರಾದ ಮುಂದೆಯೂ ಹಿಂದೆಯೂ ಒಬ್ಬನೇ ನಿಲ್ಲುವುದು ಹೇಗೆ? ಫಿಲಂ ಕ್ಯಾಮೆರಾದ ಜೊತೆಗೆ ಟಿವಿ ಕ್ಯಾಮೆರಾವೊಂದನ್ನು ಜೋಡಿಸಿ ತಮ್ಮ ಅಭಿನಯವನ್ನು ತಾವೇ ಟಿವಿಯಲ್ಲಿ ನೋಡಿಕೊಂಡರು. ಮುಂದೆ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲ ಇದನ್ನು ಅತಿಗೆ ಒಯ್ದರು. 1982ರಲ್ಲಿ ಬಿಡುಗಡೆಯಾದ ‘ಒನ್ ಫ್ರಮ್ ದ ಹಾರ್ಟ್’ ಚಿತ್ರವನ್ನು ಅವರು ಬಹುಮಟ್ಟಿಗೆ ನಿರ್ದೇಶಿಸಿದ್ದು ಟಿವಿ ಪರದೆಗಳನ್ನು ತುಂಬಿದ ಗಾಡಿಯೊಂದರಲ್ಲಿ ಕುಳಿತು; ನಟರಿಗೆ ಅವರ ಮಾತು ಮುಟ್ಟುತ್ತಿದ್ದುದು ಧ್ವನಿವರ್ಧಕದಲ್ಲಿ. ಸುಮಾರು 2.6 ಕೋಟಿ ಡಾಲರ್ ನುಂಗಿದ ಆ ಚಿತ್ರ 10 ಲಕ್ಷ ಡಾಲರನ್ನೂ ಗಳಿಸಲಿಲ್ಲ. ಸೋಲಿಗೆ ಗಾಡಿಯೇ ಕಾರಣ ಎಂದರೆ ಅನ್ಯಾಯವಾದೀತು. ಆದರೂ ಆ ಚಿತ್ರದಲ್ಲಿ ದೀಪಗಳು ಬದುಕಿರುವಷ್ಟು ಮನುಷ್ಯರು ಬದುಕಿಲ್ಲ ಎಂದು ನಮಗನಿಸುತ್ತದೆ.

ಈಗ ಇದಕ್ಕೆ ಗಾಡಿಯೂ ಬೇಡ, ಕೋಟಿಯೂ ಬೇಡ. ಕೆಲವು ವರ್ಷಗಳ ಹಿಂದೆ ಪರಿಚಯದ ಹುಡುಗರು ಕಿರುಚಿತ್ರವೊಂದನ್ನು ಮಾಡುತ್ತಿದ್ದಾಗ ನಾವು ನೋಡಲು ಹೋಗಿದ್ದೆವು. ಆ ಮನೆಯ ಟಿವಿಯನ್ನೇ ಗೋಡೆಯಿಂದ ಇಳಿಸಿ, ಕ್ಯಾಮೆರಾದಿಂದ ಒಂದು ಎಚ್‌ಡಿಎಂಐ ಕೇಬಲ್ ಎಳೆದು, ಎದುರಿಗೆ ಇಟ್ಟುಕೊಂಡಿದ್ದರು. ಮೊದಲ ಟೇಕಿನಲ್ಲೇ ಅದರ ಉಪಕಾರ ಕಂಡಿತು. ಕ್ಯಾಮೆರಾದ ಅಂಗೈಯಷ್ಟು ಪರದೆಯಲ್ಲಿ ಎಲ್ಲವೂ ಸರಿಯಾಗಿದ್ದಂತೆ ಕಂಡದ್ದು ಟಿವಿಯಲ್ಲಿ ನೋಡಿದರೆ ಬೇರೆಯೇ! ಅಜ್ಜಿಯ ಮುಖ ಮಸುಕು, ಹಿಂದಿನ ಗೋಡೆಯ ಕ್ಯಾಲೆಂಡರ್ ಸ್ಫುಟ. ಆ ದಿನ ಟಿವಿ ಇಲ್ಲದಿದ್ದರೆ ಇಡೀ ದೃಶ್ಯ ಹಾಳಾಗುತ್ತಿತ್ತು. ಆದರೆ ಎರಡನೆಯ ಟೇಕಿನಿಂದ ಇನ್ನೊಂದು ತೊಂದರೆ ಶುರುವಾಯಿತು. ಪಾತ್ರ ಮಾಡುತ್ತಿದ್ದ ಆ ಮನೆಯ ಅಜ್ಜಿಗೆ ಕೂತಲ್ಲಿಂದಲೇ ಟಿವಿ ಕಾಣುತ್ತಿತ್ತು. ತಮ್ಮನ್ನು ತಾವು ಕಂಡದ್ದೇ ತಡ, ಮಾತಿನ ನಡುನಡುವೆ ತಲೆಯ ಮೇಲಿನ ಸೆರಗನ್ನು ಸರಿಪಡಿಸಿಕೊಳ್ಳತೊಡಗಿದರು. ಟಿವಿಯನ್ನು ಪಕ್ಕದ ಕೋಣೆಗೆ ಸಾಗಿಸಲಾಯಿತು. ಅದರೊಂದಿಗೆ ನಿರ್ದೇಶಕ ಹುಡುಗನೂ ಪಕ್ಕದ ಕೋಣೆ ಸೇರಿದ. ಆಮೇಲೆ ಅಜ್ಜಿ ಪ್ರತಿ ಟೇಕ್ ಮುಗಿದೊಡನೆ ಬಾಗಿಲ ಕಡೆ ನೋಡುತ್ತಿದ್ದರು, “ಸರಿಯಾಯ್ತೇನೋ ಮಗಾ?” ಎಂದು. ಒಳಗಿನಿಂದ “ಇನ್ನೊಂದ್ಸಲ” ಎಂಬ ದನಿ ಮಾತ್ರ ಬರುತ್ತಿತ್ತು.

ಮಾನಿಟರಿನ ಗುಣದೋಷವೆಲ್ಲ ಆ ಬಾಗಿಲಲ್ಲೇ ಇದೆ. ಚೌಕಟ್ಟು ನಿಚ್ಚಳವಾಗಿ ಕಾಣುತ್ತದೆ, ಎದುರಿನ ಮನುಷ್ಯ ದೂರವಾಗುತ್ತಾನೆ. ಪರದೆ ಎಲ್ಲರಿಗೂ ಕಾಣುವುದರಿಂದ ಹಿಂದೆ ಬಾಯಿ ತೆರೆಯಲಾರದಿದ್ದ ಮೇಕಪ್ಪಿನವರೂ ಕಲಾ ವಿಭಾಗದವರೂ ತಪ್ಪನ್ನು ತೋರಿಸಬಲ್ಲರು. ಇದು ದೊಡ್ಡ ಲಾಭವೇ. ಇದರ ಜೊತೆಗೆ ಹಣ ಹಾಕಿದವರ ನೆಂಟರೂ ಅಭಿಪ್ರಾಯ ಹೇಳಬಲ್ಲರೆಂಬುದು ಬೇರೆ ಮಾತು.

‘ನೋ ಬೇರ್ಸ್’ ಈ ದೂರವನ್ನೇ ಕತೆ ಮಾಡಿಕೊಂಡಿದೆ. ಪನಾಹಿ ಅಲ್ಲಿ ತಮ್ಮ ಹೆಸರಿನ ಪಾತ್ರವನ್ನೇ ವಹಿಸಿದ್ದಾರೆ, ಮತ್ತು ತಮ್ಮ ಮೇಲೆ ಯಾವ ಕರುಣೆಯನ್ನೂ ತೋರಿಸಿಕೊಂಡಿಲ್ಲ. ಹಳ್ಳಿಯಲ್ಲಿ ನಿಶ್ಚಿತಾರ್ಥದ ಶಾಸ್ತ್ರವೊಂದಿದೆ. ಅದಕ್ಕೆ ಅವರು ತಾವು ಹೋಗುವ ಬದಲು ಮನೆಯ ಯಜಮಾನ ಘನ್ಬರ್‌ನ ಕೈಗೆ ಕ್ಯಾಮೆರಾ ಕೊಟ್ಟು ಕಳಿಸುತ್ತಾರೆ. ಅವನೋ, ಆನ್ ಮಾಡಬೇಕಾದಾಗ ಆಫ್, ಆಫ್ ಮಾಡಬೇಕಾದಾಗ ಆನ್ ಮಾಡಿ ಬರುತ್ತಾನೆ. ನಿರ್ದೇಶಕರು ರಾತ್ರಿ ಪರದೆಯ ಮುಂದೆ ಕೂತು ನೋಡಿದರೆ ಅದರಲ್ಲಿರುವುದು ಊರಿನವರು ತಮ್ಮ ಬಗ್ಗೆಯೇ ಆಡಿಕೊಂಡ ಸಂಶಯದ ಮಾತು. ನಗು ಬರಿಸುವ ದೃಶ್ಯ. ಆದರೆ ಇಡೀ ಚಿತ್ರದಲ್ಲಿ ಆ ಪರದೆ ಅವರಿಗೆ ಹೇಳಿದ ಉಪಯುಕ್ತ ಸತ್ಯ ಅದೊಂದೇ, ಅದೂ ತಪ್ಪಿನಿಂದ.

ತುರ್ಕಿಯಲ್ಲಿರುವ ಜೋಡಿ ನಟಿಸುತ್ತಿರುವುದು ತಮ್ಮದೇ ಬದುಕನ್ನು, ಅವರು ನಿಜವಾಗಿಯೂ ಯುರೋಪಿಗೆ ದಾಟಲು ಕಾದವರು. ಒಂದು ಹಂತದಲ್ಲಿ ನಟಿ ಝಾರಾ ತಿರುಗಿ ಕ್ಯಾಮೆರಾವನ್ನೇ ದಿಟ್ಟಿಸಿ ಪನಾಹಿಯನ್ನು ಪ್ರಶ್ನಿಸುತ್ತಾಳೆ: ನಿಜವನ್ನು ತೋರಿಸುತ್ತೇನೆಂದಿರಲ್ಲ, ಇದೆಲ್ಲ ಸುಳ್ಳಲ್ಲವೇ? ತಲೆಯ ಮೇಲಿನ ವಿಗ್ಗನ್ನು ಕಿತ್ತೆಸೆಯುತ್ತಾಳೆ. ಸೆಟ್ಟಿನಲ್ಲಿ ನಿರ್ದೇಶಕ ಎದುರಿಗಿದ್ದಿದ್ದರೆ ಎದ್ದು ಹೋಗಿ ಅವಳ ಪಕ್ಕ ನಿಲ್ಲಬಹುದಿತ್ತು, ಕಡೆಗೆ ತಲೆಯನ್ನಾದರೂ ತಗ್ಗಿಸಬಹುದಿತ್ತು. ಇಲ್ಲಿ ಅವರು ಪರದೆಯನ್ನು ನೋಡುತ್ತಾ ಕೂರಬೇಕು. ಅವಳ ಕಣ್ಣು ಅವರಿಗೆ ಕಾಣುತ್ತದೆ, ಅವರ ಕಣ್ಣು ಅವಳಿಗೆ ಕಾಣದು.

ಹಳ್ಳಿಯಲ್ಲಿಯೂ ಹೀಗೇ. ಹೊಕ್ಕುಳಬಳ್ಳಿ ಕತ್ತರಿಸುವಾಗಲೇ ಒಬ್ಬನಿಗೆಂದು ಗೊತ್ತು ಮಾಡಿದ ಹುಡುಗಿ ಇನ್ನೊಬ್ಬನನ್ನು ಪ್ರೀತಿಸಿದ್ದಾಳೆ. ಅವರಿಬ್ಬರ ಫೋಟೊ ಪನಾಹಿಯ ಬಳಿ ಇದೆಯೆಂದು ಊರವರ ಗುಮಾನಿ. ಇಲ್ಲವೆಂದು ಅವರು ಪ್ರಮಾಣ ಮಾಡಬೇಕು. ಸುಳ್ಳು ಹೇಳಿದರೂ ಪರವಾಗಿಲ್ಲ, ಜಗಳ ತಪ್ಪಿದರೆ ಸಾಕು ಎಂದು ದಾರಿಯಲ್ಲಿ ಸಿಕ್ಕ ಹಿರಿಯನೊಬ್ಬ ಬುದ್ಧಿ ಹೇಳುತ್ತಾನೆ. ಪ್ರಮಾಣದ ಕೋಣೆಗೆ ಹೋದ ಪನಾಹಿ ಕುರ್‌ಆನ್ ಮೇಲೆ ಕೈಯಿಡುವ ಬದಲು ತಮ್ಮ ಹೇಳಿಕೆಯನ್ನು ಕ್ಯಾಮೆರಾದಲ್ಲಿ ದಾಖಲಿಸುತ್ತೇನೆ ಎನ್ನುತ್ತಾರೆ. ಈ ದೃಶ್ಯವನ್ನು ಧರ್ಮದ ವಿರುದ್ಧ ಆಧುನಿಕತೆಯ ಗೆಲುವೆಂದು ಓದುವವರಿದ್ದರೆ ಅವರ ಓದು ಅವಸರದ್ದು ಎನ್ನುತ್ತೇವೆ. ಗ್ರಂಥದ ಮುಂದೆ ಸುಳ್ಳು ಹೇಳಬಹುದೆಂದು ಬಲ್ಲ ಊರಿನಲ್ಲಿ, ಕ್ಯಾಮೆರಾದ ಮುಂದೆ ಹೇಳಿದ್ದು ನಿಜವೆಂದು ನಂಬುವವರು ಯಾರು? ಝಾರಾ ಕೇಳಿದ್ದೂ ಇದನ್ನೇ ಅಲ್ಲವೇ?

ಚಿತ್ರದ ಬಗ್ಗೆ ನಮ್ಮದೊಂದು ತಕರಾರಿದೆ. ಎರಡೂ ಪ್ರೇಮಕತೆಗಳನ್ನು ಒಂದೇ ಅಳತೆಯ ದುರಂತಕ್ಕೆ ಒಯ್ದು ಮುಟ್ಟಿಸಿರುವುದು ಲೆಕ್ಕ ಹಾಕಿ ಮಾಡಿದಂತಿದೆ. ಅಷ್ಟು ಹೊತ್ತು ಮನುಷ್ಯರ ಹಿಂದೆ ನಡೆದ ಚಿತ್ರ ಕೊನೆಗೆ ಪಾಠದ ಹಿಂದೆ ಓಡುತ್ತದೆ.

ಆದರೆ ಗಡಿಯ ದೃಶ್ಯವೊಂದು ಎಲ್ಲವನ್ನೂ ಮರೆಸುವಂಥದ್ದು. ಶೂಟಿಂಗಿನ ಹಾರ್ಡ್ ಡಿಸ್ಕ್ ತಲುಪಿಸಲು ಬಂದ ಸಹಾಯಕ, ಕಳ್ಳದಾರಿಯಲ್ಲಿ ಕರೆದೊಯ್ಯುತ್ತೇನೆ, ನೀವೇ ಬಂದು ನಿರ್ದೇಶಿಸಿ ಎಂದು ಒತ್ತಾಯಿಸುತ್ತಾನೆ. ಇಬ್ಬರೂ ಕತ್ತಲಲ್ಲಿ ದಿಣ್ಣೆ ಹತ್ತಿ ನಿಲ್ಲುತ್ತಾರೆ. ಆಚೆ ತುರ್ಕಿಯ ದೀಪಗಳು. ಗಡಿ ಎಲ್ಲಿದೆ ಎಂದು ಪನಾಹಿ ಕೇಳುತ್ತಾರೆ. ನೀವು ನಿಂತಿರುವುದೇ ಗಡಿಯ ಮೇಲೆ ಎನ್ನುತ್ತಾನೆ ಅವನು. ಪನಾಹಿ ಬೆಂಕಿ ತುಳಿದವರಂತೆ ಹಿಂದಕ್ಕೆ ಹೆಜ್ಜೆ ಇಡುತ್ತಾರೆ, ಕಾರು ಹತ್ತಿ ಹಳ್ಳಿಗೆ, ಲ್ಯಾಪ್‌ಟಾಪಿನ ಕೋಣೆಗೆ ಮರಳುತ್ತಾರೆ.