ಜೂಜುಗಾರನ ಪೂರ್ವಕಥೆ: ರಸಿಕರಿಗೊಂದು ಕೈಪಿಡಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಲು ಕೂತ ಮೇಜಿನಲ್ಲಿ ದಾಳ ಎಲ್ಲರ ಕೈಯಲ್ಲೂ ಇರುತ್ತದೆ. ಕತ್ತಿ ಬೀಸಿದರೂ, ಬೀಗ ಮುರಿದರೂ, ಕಾವಲುಗಾರನಿಗೆ ಸುಳ್ಳು ಹೇಳಿದರೂ ಇಪ್ಪತ್ತು ಮುಖದ ದಾಳವೊಂದು ಉರುಳಿ ಫಲ ಹೇಳಬೇಕು. ಮಂತ್ರವಾದಿಯೂ ಅದೃಷ್ಟ ನೋಡುತ್ತಾನೆ, ಮಠದ ಸನ್ಯಾಸಿಯೂ ನೋಡುತ್ತಾನೆ. ಆದ್ದರಿಂದ ಜೂಜುಗಾರನ ಪಾತ್ರ ಕಟ್ಟುವವರಿಗೆ ಬೇರೆಯವರಿಗಿಲ್ಲದ ತೊಡಕೊಂದಿದೆ. ಬರೀ ಅದೃಷ್ಟದಿಂದ ಅವನು ಗುಂಪಿನಲ್ಲಿ ಬೇರೆಯಾಗಿ ಕಾಣುವುದಿಲ್ಲ. ಅವನು ಏನನ್ನು ಪಣಕ್ಕಿಡುತ್ತಾನೆ, ಅದು ನಿಜಕ್ಕೂ ಯಾರದು ಎಂಬುದರಿಂದ ಕಾಣುತ್ತಾನೆ. ಇಂಥ ಪೂರ್ವಕಥೆಯೊಂದನ್ನು ಕೇಳುವಾಗ ನಾನು ಮೊದಲು ಹುಡುಕುವುದು ಆ ಪಣವನ್ನೇ.

ಈ ಆಟ ಹೊಸದೆನ್ನುವವರಿಗೆ ಎರಡು ಮಾತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ 1974ರಲ್ಲಿ ಇದನ್ನು ಹೊರತಂದರು. ಡಂಜನ್ ಮಾಸ್ಟರ್ ಎನಿಸಿಕೊಂಡವರು ಕಥೆಯ ಲೋಕವನ್ನು ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ಸಾಹಸಕ್ಕೆ ಹೊರಡುವ ಮುಂಚೆ ಆ ಪಾತ್ರ ಏನು ಮಾಡಿಕೊಂಡಿತ್ತು ಎಂಬುದೇ ಬ್ಯಾಕ್‌ಗ್ರೌಂಡ್. 2014ರ ಐದನೇ ಆವೃತ್ತಿಯ ಪ್ಲೇಯರ್ಸ್ ಹ್ಯಾಂಡ್‌ಬುಕ್ ಇಂಥ 13 ಹಿನ್ನೆಲೆಗಳನ್ನು ಕೊಟ್ಟು, ಪ್ರತಿಯೊಂದಕ್ಕೂ ಸ್ವಭಾವ, ಆದರ್ಶ, ನಂಟು, ದೌರ್ಬಲ್ಯ ಎಂಬ ನಾಲ್ಕು ಎಳೆಗಳನ್ನು ಜೋಡಿಸಿತು.

ಆ ಹದಿಮೂರರಲ್ಲಿ ಜೂಜುಗಾರ ಇಲ್ಲ. ಆದರೆ ಜೂಜು ಪುಸ್ತಕದ ತುಂಬ ಚದುರಿದೆ. ವಂಚಕನ ಕಸುಬುಗಳ ಪಟ್ಟಿಯಲ್ಲಿ ಜೂಜಿನಲ್ಲಿ ಮೋಸ ಮಾಡುವುದೂ ಒಂದು. ಸೈನಿಕನ ಚೀಲದಲ್ಲಿ ಮೂಳೆಯ ದಾಳವೋ ಇಸ್ಪೀಟಿನ ಕಟ್ಟೋ ಇದ್ದೇ ಇರುತ್ತದೆ. ಅಪರಾಧಿಗೂ ಕುಲೀನನಿಗೂ ಯಾವುದಾದರೊಂದು ಪಂದ್ಯದಾಟದಲ್ಲಿ ಪಳಗಿದ ಕೈ. 2019ರ ಅಕ್ವಿಸಿಷನ್ಸ್ ಇನ್‌ಕಾರ್ಪೊರೇಟೆಡ್ ಪುಸ್ತಕದಲ್ಲಿ ಗ್ಯಾಂಬ್ಲರ್ ಎಂಬ ಹೆಸರಿನ ಹಿನ್ನೆಲೆಯೇ ಬಂತು. ಅದು ಅನುಕೂಲವಾಗಿದೆ ನಿಜ, ಆದರೂ ನನ್ನ ಮನಸ್ಸು ಹಳೆಯ ಚದುರಿದ ದಾರಿಯ ಕಡೆಗೇ. ಬೇರೇನೋ ಆಗಿದ್ದು ಜೂಜಿಗೆ ಬಿದ್ದವನಲ್ಲಿ ಎರಡು ಬದುಕು ಒಟ್ಟಿಗೆ ಕಾಣುತ್ತವೆ. ಪಾಳೆಯದ ಬೆಂಕಿಯ ಸುತ್ತ ಸತ್ತ ಗೆಳೆಯನ ಸಂಬಳವನ್ನು ಆಡಿ ಕಳೆದ ಸೈನಿಕನಲ್ಲಿರುವ ಭಾರ, ಹುಟ್ಟಾ ಜೂಜುಗಾರನೆಂದು ಬರೆದುಕೊಂಡ ಪಾತ್ರಕ್ಕೆ ಸುಲಭವಾಗಿ ದಕ್ಕುವುದಿಲ್ಲ.

ಇತಿಹಾಸದ ಜೂಜುಗಾರರೂ ಹೀಗೇ ಇದ್ದರು. ಜೆರೊಲಾಮೊ ಕಾರ್ಡಾನೊ 16ನೇ ಶತಮಾನದ ಇಟಲಿಯ ಹೆಸರಾಂತ ವೈದ್ಯ, ಗಣಿತಜ್ಞ. ದಾಳದ ಸಾಧ್ಯತೆಗಳನ್ನು ಲೆಕ್ಕ ಹಾಕಿ ಅವನು ಬರೆದ ಪುಸ್ತಕ ಅಚ್ಚಾದದ್ದು ಸತ್ತ ಮೇಲೆ, 1663ರಲ್ಲಿ. ಲೆಕ್ಕ ಅಷ್ಟು ಬಲ್ಲವನೂ ಆಟ ಬಿಡಲಾರದೆ ಹೋದ. ವೆನಿಸ್‌ನಲ್ಲಿ ಎದುರಾಳಿ ಎಲೆಗಳಿಗೆ ಗುರುತು ಹಾಕಿದ್ದು ಕಂಡು ಅವನ ಮುಖಕ್ಕೆ ಚೂರಿ ಎಳೆದದ್ದನ್ನು ಆತ್ಮಕಥೆಯಲ್ಲಿ ತಾನೇ ಹೇಳಿಕೊಂಡಿದ್ದಾನೆ. ಅಮೆರಿಕದ ಡಾಕ್ ಹಾಲಿಡೇ ಓದಿದ್ದು ದಂತವೈದ್ಯಕೀಯ. ಕ್ಷಯ ಹಿಡಿದು ಕೆಮ್ಮು ಹೆಚ್ಚಿದ ಮೇಲೆ ಅವನ ಜೀವನ ಇಸ್ಪೀಟಿನ ಮೇಜಿಗೆ ಬಂತು, 1887ರಲ್ಲಿ 36ನೇ ವಯಸ್ಸಿಗೆ ತೀರಿಕೊಂಡ. ಹೆಸರು ಬದಲಿಸಿ ಇವರಿಬ್ಬರಲ್ಲಿ ಯಾರನ್ನು ಫ್ಯಾಂಟಸಿ ಲೋಕಕ್ಕೆ ಕರೆತಂದರೂ ಪಾತ್ರ ತಾನಾಗಿ ಎದ್ದು ನಡೆಯುತ್ತದೆ.

ಕನ್ನಡ ಓದುಗರಿಗಂತೂ ಈ ರಸ ಹೊಸದಲ್ಲ. ಸಭಾಪರ್ವದ ದ್ಯೂತವನ್ನು ಗಮಕದಲ್ಲೋ ಯಕ್ಷಗಾನದಲ್ಲೋ ಕೇಳಿದವರಿಗೆ, ಧರ್ಮರಾಯ ಒಂದೊಂದೇ ಪಣ ಒಡ್ಡುತ್ತ ಹೋದಂತೆ ಎದೆ ಹೇಗೆ ಹಿಡಿದುಕೊಳ್ಳುತ್ತದೆಂದು ಗೊತ್ತು. ಪಾತ್ರ ಕಟ್ಟುವವರಿಗೆ ಮಾತ್ರ ನಾನು ನಳನ ಕಥೆಯತ್ತ ಬೆರಳು ತೋರಿಸುತ್ತೇನೆ. ಕನಕದಾಸರು ಅದನ್ನು ನಳಚರಿತ್ರೆಯಲ್ಲಿ ಕನ್ನಡಕ್ಕೆ ಒಲಿಸಿಕೊಂಡಿದ್ದಾರೆ. ಜೂಜಿನಲ್ಲಿ ಪುಷ್ಕರನೆದುರು ರಾಜ್ಯವೆಲ್ಲ ಕಳೆದುಕೊಂಡ ನಳ ಹೆಂಡತಿ ದಮಯಂತಿಯನ್ನು ಪಣಕ್ಕಿಡಲಿಲ್ಲ. ಅಲ್ಲಿ ಅವನಿಗೊಂದು ಗೆರೆ ಇತ್ತು, ಆ ಗೆರೆಯಿಂದಲೇ ಅವನು ಯಾರೆಂದು ನಮಗೆ ತಿಳಿಯುತ್ತದೆ. ಆಮೇಲೆ ಬಾಹುಕನೆಂಬ ವೇಷದಲ್ಲಿ ಋತುಪರ್ಣನ ರಥ ಹೊಡೆಯುವಾಗ ಆ ರಾಜ ತಾರೆಮರದ ಎಲೆಯನ್ನೂ ಕಾಯನ್ನೂ ಒಂದೇ ನೋಟದಲ್ಲಿ ಎಣಿಸಿಬಿಡುತ್ತಾನೆ. ನಳ ಕುದುರೆಯ ವಿದ್ಯೆಯಾದ ಅಶ್ವಹೃದಯ ಕೊಟ್ಟು ದಾಳದ ವಿದ್ಯೆಯಾದ ಅಕ್ಷಹೃದಯ ಪಡೆಯುತ್ತಾನೆ. ದೌರ್ಬಲ್ಯ, ನಂಟು, ಗುಟ್ಟಿನ ವೇಷ, ಕಲಿಸಿದ ಗುರು, ಕಾದು ಕೂತ ಎದುರಾಳಿ, ಒಂದು ಪೂರ್ವಕಥೆಗೆ ಬೇಕಾದದ್ದೆಲ್ಲ ಅಲ್ಲಿದೆ.

ಇನ್ನು ನಿಯಮಗಳ ವಿಷಯ. ನನಗೆ ಅತಿ ಇಷ್ಟವಾದ ಭಾಗ ಇದು. 2017ರ ಜನಾಥರ್ಸ್ ಗೈಡ್ ಟು ಎವ್ರಿಥಿಂಗ್ ಎಂಬ ಪುಸ್ತಕ, ಸಾಹಸಗಳ ನಡುವಿನ ಬಿಡುವಿನಲ್ಲಿ ಜೂಜಾಡುವ ಕ್ರಮವೊಂದನ್ನು ಕೊಟ್ಟಿದೆ. ಒಂದು ವಾರದ ಕೆಲಸ, 10ರಿಂದ 1,000 ಚಿನ್ನದ ನಾಣ್ಯಗಳವರೆಗೆ ಪಣ, ಮೂರು ಪರೀಕ್ಷೆ. ಮೊದಲನೆಯದು ಎದುರಿನವನ ಮನಸ್ಸು ಓದುವುದು, ಎರಡನೆಯದು ತನ್ನ ಮನಸ್ಸು ಮುಚ್ಚಿಡುವುದು, ಮೂರನೆಯದು ಹೆದರಿಸುವುದು. ಆಟದ ಪರಿಣತಿ ಇದ್ದವರು ಇವುಗಳಲ್ಲಿ ಯಾವುದರ ಬದಲಿಗೂ ಅದನ್ನೇ ಬಳಸಬಹುದು. ಪ್ರತಿ ಪರೀಕ್ಷೆಯಲ್ಲೂ ಮುಟ್ಟಬೇಕಾದ ಅಂಕ, ಎರಡು ಹತ್ತುಮುಖದ ದಾಳಗಳ ಮೊತ್ತಕ್ಕೆ 5 ಕೂಡಿಸಿದಷ್ಟು. ಅಂದರೆ 7ರಷ್ಟು ಸಲೀಸಾಗಿರಬಹುದು, 25ರಷ್ಟು ಕಠಿಣವೂ ಆಗಬಹುದು. ಎದುರಿಗೆ ಎಂಥವನು ಕೂತಿದ್ದಾನೆ ಎಂಬ ಅನಿಶ್ಚಿತತೆ ಆ ಲೆಕ್ಕದಲ್ಲೇ ಅಡಗಿದೆ. ಮೂರೂ ಗೆದ್ದರೆ ಪಣದ ಎರಡರಷ್ಟು ಲಾಭ. ಮೂರೂ ಸೋತರೆ ಇಟ್ಟ ಹಣ ಹೋಗುವುದಲ್ಲದೆ ಅಷ್ಟೇ ಮೊತ್ತದ ಸಾಲ ತಲೆಗೇರುತ್ತದೆ.

ಈ ನಿಯಮ ಬರೆದವರು ಜೂಜನ್ನು ಚೆನ್ನಾಗಿ ನೋಡಿದ್ದಾರೆ. ಕಣ್ಣು, ನಾಲಿಗೆ, ಎದೆಗಾರಿಕೆ, ಮೂರೂ ಮನುಷ್ಯರ ನಡುವಿನ ವ್ಯವಹಾರಗಳು. ನಿಮ್ಮ ಪಾತ್ರಕ್ಕೆ ಈ ಮೂರರಲ್ಲಿ ಯಾವುದು ಚೆನ್ನಾಗಿ ಬರುತ್ತದೆ, ಯಾರಿಂದ ಕಲಿತದ್ದು ಎಂದು ಕೇಳಿಕೊಂಡರೆ ಪೂರ್ವಕಥೆಯ ಅರ್ಧ ಬರೆದಂತೆ. ಕುಡಿದು ಬಂದ ಅಪ್ಪನ ಹೆಜ್ಜೆಯ ಸದ್ದಿನಲ್ಲೇ ಅವನ ಸಿಟ್ಟನ್ನು ಅಳೆಯುತ್ತಿದ್ದ ಮಗು ದೊಡ್ಡದಾದ ಮೇಲೆ ಯಾರ ಮುಖವನ್ನಾದರೂ ಓದೀತು. ಸೋಲಿನ ಕೊನೆಗೆ ಸಾಲವನ್ನಿಟ್ಟದ್ದೂ ಅಷ್ಟೇ ಸರಿ, ಸಾಲವಿದ್ದಲ್ಲಿ ಸಾಲ ಕೊಟ್ಟವನು ಬರುತ್ತಾನೆ, ಕಥೆಗೆ ಕೈಕಾಲು ಬರುತ್ತದೆ.

ಹೊಸಬರು ಸಾಮಾನ್ಯವಾಗಿ ಬರೆಯುವುದು ಹೀಗೆ: ಇವಳು ಬಂದರಿನ ಅತಿ ದೊಡ್ಡ ಜೂಜುಗಾರ್ತಿ, ಇವಳನ್ನು ಸೋಲಿಸಿದವರಿಲ್ಲ. ಮೊದಲ ಸಂಜೆಯೇ ದಾಳ 2 ತೋರಿಸುತ್ತದೆ, ಆ ಮಾತು ಬಿದ್ದುಹೋಗುತ್ತದೆ. ಇದನ್ನೇ ಹೀಗೆ ತಿದ್ದಿ ನೋಡಿ. ಇವಳೊಬ್ಬ ಅಂಬಿಗಿತ್ತಿ, ಆಟದ ಲೋಕದ ಹಾಫ್ಲಿಂಗ್ ಎಂಬ ಕುಳ್ಳ ಜನರ ಕುಲದವಳು. ಅಪ್ಪ ಬಿಟ್ಟುಹೋದ ದೋಣಿಯಲ್ಲಿ ತಂಗಿಗೂ ಪಾಲು. ಒಂದು ರಾತ್ರಿ ಇಡೀ ದೋಣಿಯನ್ನು ಪಣಕ್ಕಿಟ್ಟಳು, ಗೆದ್ದಳು. ತಂಗಿಗೆ ಇಂದಿಗೂ ಗೊತ್ತಿಲ್ಲ, ಎದುರಿಗೆ ಕೂತಿದ್ದವನಿಗೆ ಗೊತ್ತು. ಇಲ್ಲಿ ಗೆಲುವೇ ಗಾಯ. ಮುಂದೆ ಅವಳು ಸಂಗಡಿಗರ ಆಹಾರದ ಹಣವನ್ನೋ ಕುದುರೆಯನ್ನೋ ಪಣಕ್ಕಿಡಲು ಹೋದಾಗ ಮೇಜಿನ ಸುತ್ತ ಕೂತವರೆಲ್ಲ ಉಸಿರು ಬಿಗಿಹಿಡಿಯುತ್ತಾರೆ. ದಾಳ ಏನು ತೋರಿಸಿದರೂ ಪಾತ್ರ ಸುಳ್ಳಾಗುವುದಿಲ್ಲ. ಹಾಫ್ಲಿಂಗರಿಗೆ 1 ಬಿದ್ದ ದಾಳವನ್ನು ಮತ್ತೊಮ್ಮೆ ಹಾಕುವ ಅದೃಷ್ಟಗುಣ ಹುಟ್ಟಿನಿಂದಲೇ ಇದೆ. ತನ್ನ ಕುಲದ ಅದೃಷ್ಟವನ್ನು ಅತಿಯಾಗಿ ನಂಬಿದವಳೆಂದು ಒಂದು ಸಾಲು ಸೇರಿಸಿದರೆ ನಿಯಮವೂ ಕಥೆಗೆ ದುಡಿಯುತ್ತದೆ.

ಆಡುವಾಗ ಗಮನಿಸಬೇಕಾದ್ದು, ಜೂಜಿನ ದೃಶ್ಯ ಚಿಕ್ಕದಾಗಿರಲಿ. ಒಬ್ಬರೇ ಇಸ್ಪೀಟಾಡುತ್ತ ಅರ್ಧ ಗಂಟೆ ಕಳೆದರೆ ಉಳಿದವರು ಬರಿದೇ ಕೂರುತ್ತಾರೆ. ಒಳ್ಳೆಯ ಆಟಗಾರರು ಆ ಮೇಜಿಗೆ ಸಂಗಡಿಗರನ್ನೂ ಎಳೆಯುತ್ತಾರೆ. ಒಬ್ಬ ಕಾವಲು ನಿಲ್ಲಬೇಕು, ಒಬ್ಬ ಬೆನ್ನ ಹಿಂದಿನಿಂದ ಎದುರಾಳಿಯ ಕೈ ನೋಡಬೇಕು, ಒಬ್ಬ ಬೇಡವೆಂದು ತೋಳು ಹಿಡಿದೆಳೆಯಬೇಕು.

ಇನ್ನೊಂದು ಮಾತು ಮನಸ್ಸಿಟ್ಟು ಹೇಳುತ್ತೇನೆ. ಜೂಜು ನಿಜವಾಗಿ ಮನೆ ಮುರಿದಿರುವ ಕುಟುಂಬಗಳಿಂದ ಬಂದವರು ನಿಮ್ಮ ಮೇಜಿನಲ್ಲೇ ಇರಬಹುದು. ಕ್ಯಾಂಪೇನ್ ಎಂಬ ಆಟದ ಸರಣಿ ಶುರುವಾಗುವ ಮುಂಚಿನ ಮಾತುಕತೆಯಲ್ಲಿ, ಸೆಷನ್ ಝೀರೋ ಎನ್ನುವಲ್ಲಿ, ಇಂಥ ಪಾತ್ರ ತರುತ್ತಿದ್ದೇನೆಂದು ಮೊದಲೇ ತಿಳಿಸಿ. ಯಾರಾದರೂ ಬೇಡವೆಂದರೆ ಕಾರಣ ಕೇಳದೆ ಬೇರೆ ಪಾತ್ರ ಬರೆಯಿರಿ.

ಎಲ್ಲರೂ ಒಪ್ಪಿದರೆ ಒಂದು ಪುಟಕ್ಕೆ ಮೀರದಂತೆ ಬರೆದು ಡಂಜನ್ ಮಾಸ್ಟರ್ ಕೈಗೆ ಕೊಡಿ. ಏನನ್ನು ಎಂದಿಗೂ ಪಣಕ್ಕಿಡುವುದಿಲ್ಲ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ಸಾಲ ಯಾರಿಗೆ ಎಂಬ ಜಾಗವನ್ನು ಮಾತ್ರ ಖಾಲಿ ಬಿಡಿ, ಆ ಹೆಸರನ್ನು ಅವರು ತುಂಬಲಿ.