ಟೇಲರನ ಆತ್ಮಕಥೆಯೂ ಸುರಪುರದ ರಾಣಿಯೂ

ಕಾದಂಬರಿಕಾರನು ತನ್ನ ಕೃತಿಗಳ ವಿಷಯವಾಗಿ, ತನ್ನ ಬರವಣಿಗೆಯ ಬಾಳಿನ ವಿಷಯವಾಗಿ ತಾನೇ ಆಡುವ ಮಾತಿಗೆ ಎಷ್ಟು ಬೆಲೆ ಕೊಡಬೇಕು? ಗ್ರಂಥ ಬಿಡುಗಡೆಯ ಸಮಾರಂಭಗಳಲ್ಲಿ ಅಂತಹ ಮಾತುಗಳನ್ನು ಕೇಳುತ್ತಲೇ ಇರುವ ವಾಚಕರು ಒಮ್ಮೆ ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಕಡೆಗೆ ದೃಷ್ಟಿ ಹರಿಸಬೇಕು.

ಫಿಲಿಪ್ ಮೆಡೋಸ್ ಟೇಲರ್ 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡವನು. ಅಷ್ಟರೊಳಗೇ ‘ಕನ್‌ಫೆಷನ್ಸ್ ಆಫ್ ಎ ಥಗ್’ (1839) ಬರೆದು ಇಂಗ್ಲೆಂಡಿನಲ್ಲಿ ಹೆಸರು ಪಡೆದಿದ್ದನು. ನಿವೃತ್ತನಾದ ಮೇಲೆ ‘ತಾರಾ’ (1863), ‘ರಾಲ್ಫ್ ಡಾರ್ನೆಲ್’ (1865), ‘ಸೀತಾ’ (1872) ಎಂಬ ಮೂರು ಕಾದಂಬರಿಗಳನ್ನು ರಚಿಸಿದನು. ಇವುಗಳ ಕಾಲ ಕ್ರಮವಾಗಿ 1657, 1757, 1857. ನೂರು ವರ್ಷಕ್ಕೊಂದರಂತೆ ಇತಿಹಾಸವನ್ನು ಅಳೆದು ಕತ್ತರಿಸಿದ ಈ ಯೋಜನೆಯೇ ಅವನ ಮನೋಧರ್ಮವನ್ನು ಹೇಳುತ್ತದೆ.

1876ರಲ್ಲಿ ಅವನು ತೀರಿಕೊಂಡನು. ಮರುವರ್ಷ ಮಗಳು ಸಂಪಾದಿಸಿ ಹೊರತಂದ ‘ದಿ ಸ್ಟೋರಿ ಆಫ್ ಮೈ ಲೈಫ್’ ನಮ್ಮ ಸೀಮೆಯ ಅಮೂಲ್ಯ ದಾಖಲೆಯೆಂಬುದರಲ್ಲಿ ಸಂಶಯವಿಲ್ಲ. ಶಹಾಪುರದ ವಿಭೂತಿಹಳ್ಳಿಯ, ರಾಜನಕೊಳೂರಿನ ಪ್ರಾಚೀನ ಶಿಲಾರಚನೆಗಳನ್ನು ವಿದ್ವಲ್ಲೋಕಕ್ಕೆ ಪರಿಚಯಿಸಿದವನೂ ಇವನೇ. ಅಲ್ಲಿ ಅವನ ಕಣ್ಣು ನಂಬತಕ್ಕದ್ದು. ಕಲ್ಲಿನ ಬಳಿಯಿಂದ ಮನುಷ್ಯರ ಬಳಿಗೆ ಬಂದಾಗ ಮಾತ್ರ ನಾವು ಎಚ್ಚರದಿಂದಿರಬೇಕು.

ರಾಜಾ ವೆಂಕಟಪ್ಪ ನಾಯಕನ ಪ್ರಕರಣವನ್ನೇ ನೋಡಿರಿ. ಈ ಬಾಲಕನು ಇಪ್ಪತ್ತನಾಲ್ಕನೆಯ ವಯಸ್ಸನ್ನು ದಾಟಲಾರನೆಂದು ಜಾತಕ ನುಡಿದಿತ್ತಂತೆ. ಅವನು ಟೇಲರನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನಂತೆ. 1858ರ ಬಂಡಾಯ ವಿಫಲವಾಗಿ ರಾಜನು ಸೆರೆ ಸಿಕ್ಕನು. ಸಿಕಂದರಾಬಾದಿನ ಬಂದೀಖಾನೆಯಲ್ಲಿ ಇಬ್ಬರ ಭೇಟಿಯಾಯಿತು. ಮದ್ರಾಸಿನ ಕಡೆಗೆ ಒಯ್ಯುತ್ತಿದ್ದಾಗ ದಾರಿಯಲ್ಲಿ ರಾಜನು ಗುಂಡಿಗೆ ಬಲಿಯಾದನು, ಜಾತಕವೂ ಫಲಿಸಿತು. ಹೃದಯ ಕರಗುವ ಪುಟಗಳಿವು, ಇಡೀ ಗ್ರಂಥದ ಉತ್ತಮ ಭಾಗವೂ ಹೌದು. ಆದರೆ ಮೊದಲ ಅಂಕದಲ್ಲಿ ಭವಿಷ್ಯ, ಕೊನೆಯ ಅಂಕದಲ್ಲಿ ಅದರ ನಿಜವಾಗುವಿಕೆ: ಇದು ಪಳಗಿದ ಕಾದಂಬರಿಕಾರನ ಕಟ್ಟಡವಲ್ಲವೆ? ವಿಧಿಯನ್ನು ಮುಂದೆ ನಿಲ್ಲಿಸಿದೊಡನೆ, ಒಬ್ಬ ತರುಣ ಅರಸನು ಕಂಪನಿಯ ವಿರುದ್ಧ ಏಕೆ ಎದ್ದನೆಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಘಟನೆ ಸುಳ್ಳೆಂದು ನಮ್ಮ ವಾದವಲ್ಲ. ಪೋಣಿಸಿದ ಕೈ ಯಾರದೆಂಬುದನ್ನು ಮರೆಯಬಾರದು, ಅಷ್ಟೆ.

ಇದಕ್ಕಿಂತ ಹೆಚ್ಚಾಗಿ ನಮ್ಮನ್ನು ಕಾಡುವುದು ರಾಜಮಾತೆ ಈಶ್ವರಮ್ಮನ ಚಿತ್ರ. ಆತ್ಮಕಥೆಯಲ್ಲಿ ಆಕೆ ದುರ್ವ್ಯಸನಿ, ಕುತಂತ್ರಿ, ಮಗನ ಹಿತಕ್ಕೇ ಅಡ್ಡಿಯಾದವಳು. ಆಕೆಯ ಅಧಿಕಾರವನ್ನು ಮೊಟಕುಗೊಳಿಸಿದವನೇ ಆಕೆಯ ಚರಿತ್ರೆಯನ್ನೂ ಬರೆದನು. ಕಕ್ಷಿದಾರನೇ ನ್ಯಾಯಾಧೀಶನಾದಂತಾಯಿತು! ಅದೇ ಟೇಲರ್ ತನ್ನ ಕೊನೆಗಾಲದ ಕಾದಂಬರಿ ‘ಎ ನೋಬಲ್ ಕ್ವೀನ್’ (1878) ಅನ್ನು ಚಾಂದಬೀಬಿಗೆ ಮೀಸಲಿಟ್ಟು, ಆಕೆಯನ್ನು ಧೀರೆ, ಉದಾತ್ತೆ ಎಂದು ಕೊಂಡಾಡಿದನು. ಆ ಕಥೆಯಲ್ಲಿ ಕೃಷ್ಣಾತೀರದ ಜಲದುರ್ಗವಿದೆ, ಬೇಡರ ಶೌರ್ಯವಿದೆ. ನಮ್ಮ ನೆಲದ ವಾಸನೆಯೇ ಇದೆ. ಎರಡೂವರೆ ಶತಮಾನಗಳ ಹಿಂದಿನ ರಾಣಿಗೆ ದೊರೆತ ಈ ಔದಾರ್ಯ, ತನ್ನ ಕಣ್ಣೆದುರಿಗೆ ರಾಜ್ಯಕ್ಕಾಗಿ ಹೋರಾಡಿದ ವಿಧವೆ ರಾಣಿಗೆ ದೊರೆಯಲಿಲ್ಲ.

ಈ ಎರಡು ಗ್ರಂಥಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಬೇಕೆಂದು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ, ವಿಶೇಷವಾಗಿ ಸುರಪುರ-ಶಹಾಪುರಗಳ ಅಧ್ಯಾಪಕರಲ್ಲಿ ಕೇಳಿಕೊಳ್ಳುತ್ತೇವೆ. ಮೊದಲು ಕಾದಂಬರಿ, ಆಮೇಲೆ ಆತ್ಮಕಥೆ. ಈಶ್ವರಮ್ಮನು ಬರುವ ಪುಟಗಳಲ್ಲಿ ಆಕೆಯ ಮಾತು ಎಷ್ಟಿದೆ, ಆಕೆಯನ್ನು ಕುರಿತು ಟೇಲರನು ಆಡಿದ ಮಾತು ಎಷ್ಟಿದೆ ಎಂಬುದನ್ನು ಬೇರೆ ಬೇರೆ ಗುರುತು ಹಾಕಿಕೊಂಡು ಓದಿರಿ.