ನಾಗಿ ಕಾದ ಮನೆ, ಗುಳಿಗ ಕಾದ ಕಾಡು

‘ಕಾಂತಾರ’ ಬಂದ ಮೇಲೆಯೇ ಕನ್ನಡ ಸಿನಿಮಾಕ್ಕೆ ಮಣ್ಣಿನ ವಾಸನೆ ಬಂತು, ಅದಕ್ಕೂ ಹಿಂದಿನವೆಲ್ಲ ದೆಹಲಿಗೆ ಹೋಗಿ ಪ್ರಶಸ್ತಿ ತಂದ ಚಿತ್ರಗಳೇ ಹೊರತು ಊರಿನವರಿಗೆ ದಕ್ಕಿದವಲ್ಲ ಎಂಬ ಮಾತು 2022ರಿಂದ ಈಚೆಗೆ ಗಾದೆಯಷ್ಟು ಗಟ್ಟಿಯಾಗಿಬಿಟ್ಟಿದೆ. ಗಿರೀಶ ಕಾಸರವಳ್ಳಿಯವರ ‘ದ್ವೀಪ’ದ ಹೆಸರೆತ್ತಿದರೆ, ‘ಒಳ್ಳೆಯ ಚಿತ್ರವೇ, ಆದರೆ ಬಹಳ ನಿಧಾನ’ ಎಂದು ಬದಿಗಿಡುತ್ತಾರೆ. ಈ ತೀರ್ಪು ಕೇಳಿ ಕೇಳಿ ರೋಸಿಹೋಗಿ ಇದನ್ನು ಬರೆಯುತ್ತಿದ್ದೇನೆ. ನೆಲ ಕಳೆದುಕೊಳ್ಳುವವರ ಬಗ್ಗೆ ಕನ್ನಡದಲ್ಲಿ ಬಂದ ಚಿತ್ರಗಳಲ್ಲಿ ‘ದ್ವೀಪ’ದ ಎತ್ತರಕ್ಕೆ ‘ಕಾಂತಾರ’ ಏರುವುದಿಲ್ಲ. ಹತ್ತಿರವೂ ಬರುವುದಿಲ್ಲ.

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬದ ಕಡೆಯವರಿಗೆ ಇದು ಬೇಗ ಅರ್ಥವಾಗಬೇಕು. ದೇವರ ಕಾಡು ಎಂಬುದು ಇಲ್ಲಿ ತೆರೆಯ ಮೇಲೆ ನೋಡಿ ಬೆರಗಾಗುವ ಸಂಗತಿಯಲ್ಲ. ಸೊರಬ ತಾಲೂಕಿನ ಕಾನುಗಳ ಬಗ್ಗೆ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು 1868ರಲ್ಲೇ ವರದಿ ಬರೆದಿದ್ದರು. ಊರಿನವರು ಒಳಗೊಂದು ದೇವರ ಬನ ಇಟ್ಟುಕೊಂಡು, ಕಾಳುಮೆಣಸು, ಜೇನು ಕೊಯ್ದುಕೊಂಡು ಕಾಪಾಡಿದ ಕಾಡುಗಳು ಅವು. ಆಮೇಲೆ ಅವು ಸರ್ಕಾರದ ಲೆಕ್ಕಕ್ಕೆ ಹೋದವು. ಎಷ್ಟೋ ಕಡೆ ನೆಡುತೋಪಾದವು, ಸಾಗುವಳಿಯಾದವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಎದ್ದಾಗ ಮುಳುಗಡೆಯ ಜನ ಜಿಲ್ಲೆಯ ಕಾಡಂಚುಗಳಿಗೆ ಬಂದು ಬಿದ್ದರು. ಅವರ ಜಮೀನಿನ ಹಕ್ಕಿನ ತಕರಾರು ಅರ್ಧ ಶತಮಾನ ದಾಟಿದರೂ ಮುಗಿದಿಲ್ಲ. ಬಗರ್‌ಹುಕುಂ ಅರ್ಜಿ, ಸರ್ವೆ ನಂಬರು, ಅರಣ್ಯ ಇಲಾಖೆಯ ನೋಟಿಸು ಇಲ್ಲಿ ದಿನಬೆಳಗಾದರೆ ಕೇಳುವ ಮಾತು.

ಸಾಗರದ ನಾ. ಡಿಸೋಜ ಈ ಮುಳುಗಡೆಯನ್ನು ಕಣ್ಣಾರೆ ಕಂಡು ಬರೆದವರು. ಅವರ ಕಾದಂಬರಿಯನ್ನು ಆಧರಿಸಿದ ‘ದ್ವೀಪ’ ತೆರೆಗೆ ಬಂದದ್ದು 2002ರಲ್ಲಿ. ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯೂ ಎಚ್.ಎಂ. ರಾಮಚಂದ್ರ ಅವರ ಛಾಯಾಗ್ರಹಣಕ್ಕೆ ಪ್ರಶಸ್ತಿಯೂ ಬಂದವು. ಆ ಪ್ರಶಸ್ತಿಗಳೇ ಈಗ ಚಿತ್ರದ ಮೇಲಿನ ಆರೋಪಪಟ್ಟಿಯಾಗಿವೆ. ಚಿತ್ರದಲ್ಲಿ ಏನಿದೆ ಎಂದು ನೋಡೋಣ. ನೀರು ಏರುತ್ತದೆ. ಒಂದೊಂದೇ ಮನೆ ಖಾಲಿಯಾಗುತ್ತದೆ. ಗುಡ್ಡದ ದೇವರ ಪೂಜೆ ಬಿಟ್ಟು ಹೋಗಲಾರದ ದುಗ್ಗಜ್ಜ, ಅವನ ಮಗ ಗಣಪ, ಸೊಸೆ ನಾಗಿ ಉಳಿಯುತ್ತಾರೆ. ಸರ್ಕಾರ ಇಲ್ಲಿ ಹಲ್ಲು ಕಡಿಯುವ ಖಳನಾಗಿ ಬರುವುದಿಲ್ಲ. ಪರಿಹಾರದ ಲೆಕ್ಕವಾಗಿ, ಕಡತವಾಗಿ ಬರುತ್ತದೆ. ತಲೆತಲಾಂತರದ ಪೂಜೆಗೆ, ಊರು ಕೊಡುತ್ತಿದ್ದ ಮರ್ಯಾದೆಗೆ ಆ ಕಡತದಲ್ಲಿ ಕಲಮೇ ಇಲ್ಲ. ದುಗ್ಗಜ್ಜ ನೀರಿಗೆ ಸೇರಿದ ಮೇಲೆ ಇಡೀ ದ್ವೀಪದ ಭಾರ ಬೀಳುವುದು ನಾಗಿಯ ಮೇಲೆ.

ಸೌಂದರ್ಯ ಈ ಚಿತ್ರದ ನಿರ್ಮಾಪಕಿಯೂ ಹೌದು. ತಾರೆಯ ಹೊಳಪನ್ನೆಲ್ಲ ಕಳಚಿಟ್ಟು ಆಕೆ ಮಾಡಿದ ನಾಗಿ ಕನ್ನಡ ಸಿನಿಮಾದ ಅತ್ಯಂತ ದೊಡ್ಡ ಹೆಣ್ಣು ಪಾತ್ರ ಎಂದು ನಾನು ಯಾರ ಎದುರೂ ವಾದಿಸುತ್ತೇನೆ. ಕೊನೆಯ ಮಳೆಯ ರಾತ್ರಿಯನ್ನು ನೆನೆಯಿರಿ. ನೀರು ಅಂಗಳದ ಕಡೆ ಬರುತ್ತಿದೆ, ಹುಲಿಯ ಭಯವಿದೆ, ಗಂಡ ಕೈಚೆಲ್ಲಿದ್ದಾನೆ. ನಾಗಿ ಬೆಂಕಿ ಆರದಂತೆ ಕಾಯುತ್ತಾಳೆ, ಮನೆ ನಿಲ್ಲುವಂತೆ ನೋಡಿಕೊಳ್ಳುತ್ತಾಳೆ. ಕ್ಯಾಮೆರಾ ಅವಳ ಮುಖಕ್ಕಿಂತ ಅವಳು ಮಾಡುವ ಕೆಲಸವನ್ನು ಹಿಂಬಾಲಿಸುತ್ತದೆ. ಬೆಳಗಾಗುತ್ತದೆ, ನೀರು ಇಳಿಯುತ್ತದೆ. ಗಣಪ ಇದೆಲ್ಲ ದೇವರ ದಯೆ ಎನ್ನುತ್ತಾನೆ. ರಾತ್ರಿಯಿಡೀ ದುಡಿದವಳ ಹೆಸರು ಅವನ ಬಾಯಲ್ಲಿ ಬರುವುದಿಲ್ಲ. ಆಗ ಸೌಂದರ್ಯಳ ಮುಖದಲ್ಲಿ ಮೂಡುವ ಗಾಯ ಅಣೆಕಟ್ಟೆ ಮಾಡಿದ ಗಾಯಕ್ಕಿಂತ ಆಳವಾದದ್ದು. ಊರು ಮುಳುಗಿಸಿದ್ದು ಸರ್ಕಾರ. ಮನೆ ಉಳಿಸಿದವಳನ್ನು ಅಳಿಸಿಹಾಕಿದ್ದು ಸ್ವಂತ ಗಂಡ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಧೈರ್ಯ ‘ದ್ವೀಪ’ಕ್ಕಿದೆ.

ಈಗ ‘ಕಾಂತಾರ’. ಅಲ್ಲೂ ಸರ್ಕಾರ ಕಾಡಿಗೆ ಗಡಿ ಹಾಕಲು ಬರುತ್ತದೆ, ಅಲ್ಲೂ ದೈವವಿದೆ. ಕೊನೆಯಲ್ಲಿ ನಾಯಕ ಶಿವನ ಮೈಮೇಲೆ ಗುಳಿಗ ದೈವ ಬರುತ್ತದೆ, ಊರಿನ ಒಡೆಯನ ಸಂಹಾರವಾಗುತ್ತದೆ. ಶಿವ ಊರಿನವರ ಕೈಗಳನ್ನೂ ಅರಣ್ಯಾಧಿಕಾರಿ ಮುರಳಿಯ ಕೈಯನ್ನೂ ಒಟ್ಟುಗೂಡಿಸಿ ಎದೆಗೊತ್ತಿಕೊಳ್ಳುತ್ತಾನೆ, ಆಮೇಲೆ ಕಾಡಿನಲ್ಲಿ ಮಾಯವಾಗುತ್ತಾನೆ. ರಿಷಬ್ ಶೆಟ್ಟಿಯವರ ಆ ಅಭಿನಯದ ಕಸುವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಕೈಹಿಡಿತದಿಂದ ಬಗೆಹರಿದದ್ದೇನು? ನೆಲ ಯಾರದು ಎಂಬ ಪ್ರಶ್ನೆಯನ್ನು ಚಿತ್ರ ಒಬ್ಬ ಕೆಟ್ಟ ಒಡೆಯನ ತಲೆಗೆ ಕಟ್ಟಿ, ಅವನನ್ನು ಕೊಂದು, ಮನೆಗೆ ಕಳಿಸುತ್ತದೆ. ಸೊರಬದ ರೈತನ ಕೈಯಲ್ಲಿರುವ ನೋಟಿಸು ಯಾವ ಒಡೆಯ ಸತ್ತರೂ ರದ್ದಾಗುವುದಿಲ್ಲ. ಇನ್ನು ಲೀಲಾ: ಅರಣ್ಯ ರಕ್ಷಕಿಯ ಸಮವಸ್ತ್ರ ತೊಟ್ಟು ತನ್ನವರ ವಿರುದ್ಧವೇ ಬೇಲಿ ಹಾಕಬೇಕಾದ ಹುಡುಗಿ. ಆ ಚಿತ್ರದ ನಿಜವಾದ ಕಥೆ ಅವಳದು. ಅವಳನ್ನು ಪ್ರೇಮಪ್ರಸಂಗಕ್ಕೆ ಇಟ್ಟುಕೊಂಡು ಕೈಬಿಟ್ಟರು. ಗಣಪ ನಾಗಿಗೆ ಮಾಡಿದ್ದನ್ನೇ ‘ಕಾಂತಾರ’ ಲೀಲಾಗೆ ಮಾಡಿತು. ‘ದ್ವೀಪ’ ಅದನ್ನು ಅನ್ಯಾಯವೆಂದು ತೋರಿಸಿತು, ‘ಕಾಂತಾರ’ಕ್ಕೆ ಅದು ಗೊತ್ತೇ ಆಗಲಿಲ್ಲ.

‘ಕಾಂತಾರ’ ಹೇಳುವ ಬಂಡಾಯದ ಕಥೆಯೂ ಹೊಸದಲ್ಲ. ಎಂ.ಎಸ್. ಸತ್ಯು 1977ರಲ್ಲೇ ಶಿವಮೊಗ್ಗ ಸೀಮೆಯ ದಂಗೆಕೋರನನ್ನು ‘ಕನ್ನೇಶ್ವರ ರಾಮ’ದಲ್ಲಿ ತಂದರು. ಗಲ್ಲಿಗೆ ಕರೆದೊಯ್ಯುವ ಮೆರವಣಿಗೆಯ ನಡುವೆ ರಾಮನ ಬದುಕು ಹಿನ್ನೋಟದಲ್ಲಿ ಬಿಚ್ಚಿಕೊಳ್ಳುತ್ತದೆ. ಅನಂತನಾಗ್ ಮಾಡಿದ ರಾಮನಿಗೆ ಕೊರಳಿದೆ, ಆ ಕೊರಳಿಗೆ ಹಗ್ಗ ಕಾದಿದೆ. ಶಿಕಾರಿಪುರ ತಾಲೂಕಿನ ಈಸೂರಿಗೆ ಇದು ಹೊಸ ಪಾಠವಲ್ಲ: 1942ರಲ್ಲಿ ತಮ್ಮದೇ ಸರ್ಕಾರ ಸಾರಿದ ಆ ಊರಿನ ಐವರನ್ನು 1943ರಲ್ಲಿ ಗಲ್ಲಿಗೇರಿಸಲಾಯಿತು. ಅವರಲ್ಲಿ ಯಾರೂ ಕಾಡಿನಲ್ಲಿ ಮಾಯವಾಗಲಿಲ್ಲ. ಎದುರು ನಿಂತವನು ತೆರಬೇಕಾದ ಬೆಲೆಯನ್ನು ತೋರಿಸದ ಬಂಡಾಯ ನನಗೆ ಬಂಡಾಯವೆನಿಸುವುದಿಲ್ಲ.

ನನ್ನ ಜಗಳ ಒಂದು ಚಿತ್ರದ ಜೊತೆಗಲ್ಲ, ನಮ್ಮ ಅಭಿರುಚಿಯ ಜೊತೆಗೆ. ಈಗ ಮೈ ಜುಮ್ಮೆಂದಿತೇ ಎಂಬುದೊಂದೇ ಅಳತೆಗೋಲು. ಎಷ್ಟು ಕೋಟಿ ಗಳಿಸಿತು ಎಂಬುದು ಎರಡನೆಯದು; ವಿಮರ್ಶಕರೂ ಅದನ್ನೇ ಒಪ್ಪಿಸುತ್ತಿದ್ದಾರೆ. ಜುಮ್ಮೆನ್ನುವುದು ಸುಳ್ಳಲ್ಲ. ಆದರೆ ಕೋಲದ ಕಳದಲ್ಲಿ ದೈವದ ಮುಂದೆ ನಿಂತವನು ಕೇಳುವುದು ನ್ಯಾಯ, ಅದಕ್ಕೆ ಉತ್ತರವನ್ನೂ ನಿರೀಕ್ಷಿಸುತ್ತಾನೆ. ಚಿತ್ರಮಂದಿರದಲ್ಲಿ ಶಿಳ್ಳೆ ಹಾಕಿ ಹೊರಬರುವವರು ಏನನ್ನೂ ಕೇಳುವುದಿಲ್ಲ.

ನಿಧಾನದ ಚಿತ್ರ ಹಳ್ಳಿಯವರಿಗೆ ಅರ್ಥವಾಗದು ಎನ್ನುವವರಿಗೆ ಪಕ್ಕದ ಸಾಗರ ತಾಲೂಕಿನ ಹೆಗ್ಗೋಡೇ ಉತ್ತರ. ಕೆ.ವಿ. ಸುಬ್ಬಣ್ಣ 1970ರ ದಶಕದಲ್ಲೇ ನೀನಾಸಂ ಚಿತ್ರಸಮಾಜದ ಮೂಲಕ ಅಡಿಕೆ ತೋಟದ ಜನರ ಮುಂದೆ ಸತ್ಯಜಿತ್ ರೇ, ಕುರೊಸಾವ ಅವರ ಚಿತ್ರಗಳನ್ನು ಇಟ್ಟರು. ಜನ ಕೂತು ನೋಡಿದರು, ಚರ್ಚಿಸಿದರು. ಹಳ್ಳಿಯ ಪ್ರೇಕ್ಷಕನಿಗೆ ತಾಳ್ಮೆಯಿಲ್ಲ ಎಂಬುದು ಅವನ ತಾಳ್ಮೆಯನ್ನು ಎಂದೂ ಪರೀಕ್ಷಿಸದವರು ಕಟ್ಟಿದ ಮಾತು. ದಿನಗಟ್ಟಲೆ ನಾಟಿ ಮಾಡುವ ಹೆಂಗಸಿಗೆ ನಾಗಿಯ ಕೆಲಸ ನಿಧಾನವೆನಿಸದು, ತನ್ನದೆನಿಸುತ್ತದೆ. ಅವಳ ಊರಿಗೆ ‘ದ್ವೀಪ’ವನ್ನು ಒಯ್ದು ತೋರಿಸುವ ಕೆಲಸವನ್ನು ನಾವು ಮಾಡಲಿಲ್ಲ. ಮೊದಲು ಆ ಕೆಲಸವಾಗಲಿ. ಯಾವ ಚಿತ್ರ ಜನಕ್ಕೆ ತಲುಪಿತು, ಯಾವುದು ತಲುಪಲಿಲ್ಲ ಎಂಬ ತೀರ್ಪನ್ನು ಆಮೇಲೆ ಅವಳೇ ಕೊಡಲಿ.